ಗಟ್ಟಿನೆಲದ ವಯಸ್ಸು

ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು. ಮೊದಲು ‘ವಯ’ ಎಂಬ ಆಜ್ಞೆ, ಅದರ ಹಿಂದೆ ಚಿತ್ರದ ಹೆಸರು, ಜಾಗದ ವಿಸ್ತೀರ್ಣ, ಕೊನೆಗೆ ಯಾವ ಗ್ರಹದ ಲೆಕ್ಕ ಹಿಡಿಯಬೇಕೆಂಬ ಸೂಚನೆ. ಇಂಚರಾ ಹುಲಕೋಟಿ ಸಾಲು ಮುಗಿಸಿ ಕೀಲಿ ಒತ್ತಿದಳು. ಚಹಾದ ಲೋಟ ತುಟಿಗೆ ಬರುವಷ್ಟರಲ್ಲಿ ಉತ್ತರ ಬಂದಿತ್ತು: ಮುನ್ನೂರ ಮೂವತ್ತೆಂಟು ಕೋಟಿ ವರ್ಷ, ಆರು ಕೋಟಿ ಹೆಚ್ಚು ಅಥವಾ ಕಡಿಮೆ.

ಇದು ಎರಡು ಸಾವಿರದ ಅರವತ್ತೊಂದನೆಯ ಇಸವಿ. ಬಾಯಿಮಾತಿಗೆ, ಕಣ್ಸನ್ನೆಗೆ ಯಂತ್ರಗಳು ಕುಣಿಯುತ್ತಿದ್ದ ಕಾಲ. ಅಂಥದ್ದರಲ್ಲಿ ಸಾಲು ಟೈಪು ಮಾಡಿ ಕೇಳಬೇಕಾದ ತಂತ್ರಾಂಶವೊಂದು ಧಾರವಾಡದ ಗ್ರಹಭೂಮಾಪನ ಕೇಂದ್ರದಲ್ಲಿ ಇನ್ನೂ ಉಳಿದಿತ್ತೆಂದರೆ ಅದಕ್ಕೆ ಇಂಚರಾಳ ಹಟವೇ ಕಾರಣ. ಹದಿನೆಂಟು ವರ್ಷಗಳ ಹಿಂದೆ ಅದನ್ನು ಬರೆದವಳು ಅವಳೇ. ಬರೆದ ಸಾಲನ್ನು ಇನ್ನೊಬ್ಬರಿಗೆ ತೋರಿಸಬಹುದು, ಅವರೂ ಅದನ್ನೇ ಬರೆದು ನೋಡಬಹುದು ಎಂಬುದು ಅವಳ ವಾದವಾಗಿತ್ತು.

ಅದರ ಹಿಂದಿನ ತತ್ವ ಮಗುವಿಗೂ ತಿಳಿಯುವಂಥದ್ದು. ಹಸಿ ಮಣ್ಣು ಬಳಿದ ಅಂಗಳದ ಮೇಲೆ ಹನಿ ಬಿದ್ದರೆ ಒಂದೊಂದಕ್ಕೂ ಒಂದೊಂದು ಗುರುತು. ಗುರುತು ಎಣಿಸಿದರೆ ಎಷ್ಟು ಹೊತ್ತಿನಿಂದ ಹನಿಯುತ್ತಿದೆ ಎಂದು ಹೇಳಬಹುದು. ಗಾಳಿಯಿಲ್ಲದ ಚಂದ್ರನ ಮೇಲೆ ಕೋಟ್ಯಂತರ ವರ್ಷಗಳಿಂದ ಬೀಳುತ್ತಿರುವುದು ಕಲ್ಲು, ಅದು ಮಾಡುವ ಗುರುತು ಕುಳಿ. ಹೆಚ್ಚು ಕುಳಿಯಿದ್ದರೆ ಹಳೆಯ ನೆಲ, ಕಡಿಮೆಯಿದ್ದರೆ ಎಳೆಯ ನೆಲ. ಮೊದಲು ವಿಜ್ಞಾನಿಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿಂಗಳುಗಟ್ಟಲೆ ಮಾಡುತ್ತಿದ್ದ ಎಣಿಕೆಯನ್ನು ‘ವಯ’ ಕ್ಷಣದಲ್ಲಿ ಮುಗಿಸುತ್ತಿತ್ತು.

ಚಂದ್ರನ ಮೇಲೆ ಮನೆ ಕಟ್ಟುವ ಕಾಲ ಬಂದಾಗ ಈ ಒಂದು ಸಾಲಿಗೆ ಎಲ್ಲಿಲ್ಲದ ಬೆಲೆ ಬಂತು. ಮುನ್ನೂರು ಕೋಟಿ ವರ್ಷ ದಾಟಿದ ನೆಲ ಒಳಗೆಲ್ಲ ಆರಿ ತಣ್ಣಗಾದ ನೆಲ, ಅದು ಅಲುಗುವುದಿಲ್ಲ, ಉಸಿರು ಬಿಡುವುದಿಲ್ಲ. ಎಳೆಯ ಲಾವಾ ನೆಲದ ಹೊಟ್ಟೆಯಲ್ಲಿ ಅನಿಲ ಇನ್ನೂ ಉಳಿದಿರಬಹುದು. ಹಾಗಾಗಿ ‘ವಯ’ದ ಪ್ರಮಾಣಪತ್ರವಿಲ್ಲದೆ ಅಲ್ಲಿ ಒಂದು ಗೂಟವನ್ನೂ ನೆಡುವಂತಿರಲಿಲ್ಲ. ಚಂದ್ರನಿಗೆ ಹೊರಟ ಹುಡುಗನಿಗೆ ಹೆಣ್ಣು ಕೊಡುವವರು ಕೂಡ ಅವನಿರುವ ನೆಲದ ವಯಸ್ಸು ಕೇಳುವ ರೂಢಿ ಬಂದಿತ್ತು. ವರನ ವಯಸ್ಸು ಹೆಚ್ಚಾದರೆ ಮೂಗು ಮುರಿಯುವವರು ನೆಲದ ವಯಸ್ಸು ಹೆಚ್ಚಿದಷ್ಟೂ ಹಿಗ್ಗುತ್ತಿದ್ದರು.

ಆ ಮಂಗಳವಾರ ಬೆಳಿಗ್ಗೆ ಇಂಚರಾ ವಯಸ್ಸು ಕೇಳಿದ್ದು ಗಟ್ಟಿನೆಲ ಎಂಬ ವಸತಿಯ ಜಾಗದ್ದು. ಒಂಬತ್ತು ವರ್ಷಗಳಿಂದ ಅರವತ್ತಕ್ಕೂ ಹೆಚ್ಚು ಜನ ಅಲ್ಲಿ ವಾಸವಾಗಿದ್ದರು. ಚಂದ್ರನ ಇರುಳು ನಮ್ಮ ಹದಿನಾಲ್ಕು ದಿನಗಳಷ್ಟು ಉದ್ದ. ಆ ಚಳಿಗೆ ಹಗಲಿನ ಶಾಖವನ್ನು ನೆಲದಾಳದಲ್ಲಿ ಕೂಡಿಡಲು ವಸತಿಯ ನಟ್ಟನಡುವೆ ನೂರು ಮೀಟರು ಆಳದ ಬಾವಿ ಕೊರೆಯಬೇಕಿತ್ತು. ಮುಂದಿನ ಸೋಮವಾರ ಕೆಲಸ ಶುರು. ಅದಕ್ಕಾಗಿ ಹೊಸ ಚಿತ್ರ ತೆಗೆಸಿ ಮತ್ತೊಮ್ಮೆ ವಯಸ್ಸು ನೋಡಿದ್ದರು. ಹಳೆಯ ಉತ್ತರಕ್ಕೂ ಹೊಸದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಕೇಂದ್ರದ ನಿಯಮದಂತೆ ಇನ್ನೊಬ್ಬ ಅಧಿಕಾರಿ ಅದೇ ಸಾಲನ್ನು ಎರಡನೆಯ ಬಾರಿ ಓಡಿಸಿ ಸಹಿ ಹಾಕಿಯೂ ಆಗಿತ್ತು.

ಚಹಾ ಇನ್ನೂ ಬಿಸಿಯಿತ್ತು. ಬೇರೆ ಕೆಲಸವಿಲ್ಲದೆ ಇಂಚರಾ ಉತ್ತರದ ಜೊತೆ ಬರುವ ರೇಖಾನಕ್ಷೆಯನ್ನು ತೆರೆದಳು. ಉತ್ತರ ಸಿಕ್ಕ ಮೇಲೆ ನಕ್ಷೆ ಯಾರಿಗೆ ಬೇಕು? ಅದನ್ನು ನೋಡುವ ಅಭ್ಯಾಸ ಕೇಂದ್ರದಲ್ಲಿ ಎಂದೋ ನಿಂತುಹೋಗಿತ್ತು. ದೊಡ್ಡ ಕುಳಿಗಳು ಕಡಿಮೆ, ಸಣ್ಣವು ಹೆಚ್ಚು. ಆದ್ದರಿಂದ ರೇಖೆ ಸಣ್ಣ ಕುಳಿಗಳ ಕಡೆಗೆ ಏರುತ್ತ ಹೋಗುವುದು ಸಹಜ. ಇಲ್ಲಿ ಅದು ಏರಿರಲಿಲ್ಲ, ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು.

ಚಿತ್ರವನ್ನು ಹಿಗ್ಗಿಸಿ ನೋಡಿದಳು. ಕುಳಿಗಳು ದುಂಡಗಿರಲಿಲ್ಲ, ತುಸು ಉದ್ದವಾಗಿದ್ದವು. ಆಳವೂ ಸಾಲದು. ಹೆಚ್ಚಿನವೆಲ್ಲ ಒಂದೇ ದಿಕ್ಕಿಗೆ ವಾಲಿದ್ದವು. ಎಲ್ಲೋ ದೂರದಲ್ಲಿ ದೊಡ್ಡ ಬಂಡೆಯೊಂದು ಅಪ್ಪಳಿಸಿದಾಗ ಸಿಡಿದ ಕಲ್ಲುಗಳು ಒಮ್ಮೆಲೇ ಬಂದು ಬಿದ್ದರೆ ಇಂಥ ಕುಳಿಗಳಾಗುತ್ತವೆ. ಹಳಬರು ಇವನ್ನು ಸಿಡಿಗುಳಿ ಎನ್ನುತ್ತಿದ್ದರು. ಒಂದೇ ದಿನದ ಏಟನ್ನು ಕೋಟಿ ವರ್ಷಗಳ ಏಟು ಎಂದು ಎಣಿಸಿದರೆ ಎಳೆಯ ನೆಲವೂ ಮುದಿಯಾಗಿ ಕಾಣುತ್ತದೆ. ಬಿಡಿಬಿಡಿಯಾಗಿ ಹರಡಿದ ಸಿಡಿಗುಳಿಯನ್ನು ‘ವಯ’ ಗುರುತಿಸಲಾರದು. ಆಜ್ಞೆಗೆ ಒಂದು ಪದ ಸೇರಿಸಿದರೆ ಅದು ನಿಂತು, ಮೊದಲು ಮನುಷ್ಯರು ಕಣ್ಣಾರೆ ನೋಡಿ ಗುರುತು ಹಾಕಲೆಂದು ಕಾಯುತ್ತದೆ. ಹಾಗೆ ಕಾಯಿಸಿದರೆ ದಿನಗಟ್ಟಲೆ ಹಿಡಿಯುತ್ತದೆಂದು ಆ ಪದವನ್ನು ಬಳಸುವುದನ್ನೇ ಎಲ್ಲರೂ ಬಿಟ್ಟಿದ್ದರು.

ಇಂಚರಾ ಬಾಗಿಲು ಹಾಕಿಕೊಂಡು ಒಂದೊಂದೇ ಕುಳಿಯನ್ನು ನೋಡಿ ಗುರುತು ಹಾಕತೊಡಗಿದಳು. ಊಟ ಸೇರಲಿಲ್ಲ. ಕೂತರೆ ಎದ್ದು ತಿರುಗಾಡಬೇಕೆನಿಸುವುದು, ಎದ್ದರೆ ಮತ್ತೆ ಪರದೆಯ ಮುಂದೆ ಬಂದು ಕೂರಬೇಕೆನಿಸುವುದು. ಇಬ್ಬರು ಸಹಿ ಹಾಕುವ ನಿಯಮ ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಒಂದೇ ಚಿತ್ರವನ್ನು ಇಬ್ಬರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಎಣಿಸಬೇಕು ಎಂದು ಕಣ್ಣೆಣಿಕೆಯ ಕಾಲದಲ್ಲಿ ಮಾಡಿದ ನಿಯಮ ಅದು. ಯಂತ್ರ ಬಂದ ಮೇಲೂ ನಿಯಮ ಉಳಿಯಿತು, ಕಣ್ಣುಗಳು ಮಾತ್ರ ಹೋದವು. ಒಂದೇ ಯಂತ್ರವನ್ನು ಇಬ್ಬರು ಕೇಳಿ, ಉತ್ತರ ಒಂದೇ ಬಂತೆಂದು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ಇಂಚರಾ ಕೂಡ ಹೋಗಿದ್ದಳು.

ಶುಕ್ರವಾರ ಮಧ್ಯಾಹ್ನಕ್ಕೆ ಗುರುತು ಹಾಕುವುದು ಮುಗಿಯಿತು. ಸಿಡಿಗುಳಿಗಳನ್ನು ಕಳೆದು ಸಾಲನ್ನು ಮತ್ತೆ ಓಡಿಸಿದಳು. ಗಟ್ಟಿನೆಲದ ವಯಸ್ಸು ಐದು ಕೋಟಿ ವರ್ಷ. ನೆಲದ ಲೆಕ್ಕದಲ್ಲಿ ಅದು ಮೊನ್ನೆ ಹುಟ್ಟಿದ ಕೂಸು. ಅದರ ಹೊಟ್ಟೆಗೆ ಸೋಮವಾರ ಕೊರೆಯುವ ಯಂತ್ರ ಇಳಿಯುವುದಿತ್ತು, ಸುತ್ತ ಜನ ಅಡಿಗೆ ಮಾಡಿಕೊಂಡು, ಮಕ್ಕಳನ್ನು ಮಲಗಿಸಿಕೊಂಡು ಇರುತ್ತಿದ್ದರು.

ಕೇಂದ್ರದ ನಿರ್ದೇಶಕ ವಾದಿರಾಜ ಮೊಕಾಶಿ ಕೆಟ್ಟವರಲ್ಲ, ಹೆದರಿದವರು. ಇಂಚರಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತಜ್ಞರ ಸಮಿತಿ ಕರೆಯೋಣ, ಅಲ್ಲಿಯತನಕ ಬಾಯಿ ಬಿಡುವುದು ಬೇಡ ಎಂದರು. ಈ ಒಂದು ಪ್ರಮಾಣಪತ್ರ ಸುಳ್ಳಾದರೆ ಉಳಿದ ಸಾವಿರದ ನೂರರ ಗತಿಯೇನು ಎಂದು ಕೇಳಿದರು. ಸಮಿತಿ ಸೇರುವುದು ಯಾವಾಗ ಎಂದು ಇಂಚರಾ ಕೇಳಿದ್ದಕ್ಕೆ, ಸೋಮವಾರದೊಳಗಂತೂ ಆಗದು ಎಂದರು. ಅವಳು ತನ್ನ ಕೋಣೆಗೆ ಬಂದು ಗಟ್ಟಿನೆಲಕ್ಕೆ ಕರೆ ಹಚ್ಚಿದಳು.

ಅಲ್ಲಿನ ಮುಖ್ಯಸ್ಥ ಮೆಹಬೂಬ್ ನದಾಫ್ ಮುಂಡರಗಿಯವನು, ಕೊರೆತದ ಎಂಜಿನಿಯರ್. ಹೆಂಡತಿ, ಮಗಳ ಜೊತೆ ಮೊದಲ ತಂಡದಲ್ಲೇ ಹೋದವನು. ಮಾತು ಚಂದ್ರನನ್ನು ಮುಟ್ಟಿ ಮರಳಲು ಎರಡೂವರೆ ಸೆಕೆಂಡು ಬೇಕು.

“ನದಾಫ್ ಅವರ, ಬಾವಿ ಕೆಲಸ ನಿಲ್ಲಸ್ರಿ. ಎಲ್ಲಾರನ್ನೂ ಕರಕೊಂಡು ಹಳೇ ನೆಲೆಗೆ ಹೋಗ್ರಿ,” ಎಂದಳು. ಕಾರಣವನ್ನೂ ಹೇಳಿದಳು.

ನದಾಫ್ ತಕ್ಷಣ ಒಪ್ಪಲಿಲ್ಲ. ಹಳೆಯ ನೆಲೆಯೆಂದರೆ ಅಲ್ಲಿಂದ ದೂರದಲ್ಲಿ, ಮೊದಲ ತಂಡದ ಇಪ್ಪತ್ತು ಜನರಿಗೆಂದು ಮಾಡಿದ ಇಕ್ಕಟ್ಟಾದ ಕೊಳವೆ. ಇಲ್ಲಿ ಮನೆ ಮಾಡಿದ್ದಾರೆ, ಮೆಂತ್ಯೆ ಬೆಳೆದಿದ್ದಾರೆ, ಮಕ್ಕಳಿಗೆ ಶಾಲೆಯಿದೆ. ಎಲ್ಲ ಬಿಟ್ಟು ನಡೆಯಿರಿ ಎಂದರೆ ಜನ ತನ್ನನ್ನೇ ಹರಿದು ತಿನ್ನುತ್ತಾರೆ ಎಂದ. ಆಮೇಲೆ ಅವನ ದನಿ ತಗ್ಗಿತು.

“ಒಂಬತ್ತ ವರ್ಷದ ಹಿಂದ ಗಟ್ಟಿ ಐತಿ ಅಂದವರೂ ನೀವ. ಇವತ್ತ ಇಲ್ಲ ಅನ್ನಾವರೂ ನೀವ. ಇಬ್ಬರೊಳಗ ನಾ ಯಾರನ್ನ ನಂಬ್ಲಿ ಮೇಡಂ?”

“ಹೆದರಿದಾಕಿನ್ನ ನಂಬ್ರಿ,” ಎಂದಳು ಇಂಚರಾ. “ಆಗ ನಾ ಹೆದರಿರಲಿಲ್ಲ. ಎಣಿಸಿರಲೂ ಇಲ್ಲ.”

ಅವರು ಹೋದರು. ಬೈದುಕೊಂಡೇ ಹೋದರು. ಮೊಕಾಶಿ ಇಂಚರಾಳ ಮೇಲೆ ಶಿಸ್ತುಕ್ರಮದ ಮಾತೆತ್ತಿದರು, ಪತ್ರಿಕೆಗಳು ಅವಳನ್ನು ಗೇಲಿ ಮಾಡಿದವು. ನೆಲ ಮಾತ್ರ ಸುಮ್ಮನಿತ್ತು. ದಿನಗಳು ಕಳೆದಂತೆ ತನ್ನ ಕಣ್ಣೇ ತಪ್ಪಿತೇನೋ ಎಂಬ ಹುಳ ಅವಳ ತಲೆಯನ್ನು ಹೊಕ್ಕಿತು. ಕಡೆಗೆ ಕೇಂದ್ರದವರು ಪರೀಕ್ಷೆಗೆಂದು ಜನರಿಲ್ಲದ ಗಟ್ಟಿನೆಲದಲ್ಲಿ ದೂರದಿಂದಲೇ ನಡೆಸುವ ಯಂತ್ರದಿಂದ ಬಾವಿ ಕೊರೆಯಿಸಿದರು. ಐವತ್ತು ಮೀಟರಿನವರೆಗೆ ಏನೂ ಆಗಲಿಲ್ಲ. ಅರವತ್ತು ದಾಟಿದ ಮೇಲೆ ನೆಲ ಉಸಿರು ಬಿಟ್ಟಿತು. ಸದ್ದಿಲ್ಲ, ಬೆಂಕಿಯಿಲ್ಲ, ಬೂದು ದೂಳಿನ ಕಂಬವೊಂದು ಎದ್ದು, ಕೊರೆಯುವ ಗೋಪುರ ಮಗುಚಿ ಊಟದ ಮನೆಯ ಮೇಲೆ ಬಿತ್ತು. ಹಳೆಯ ನೆಲೆಯಲ್ಲಿ ಜನ ಪರದೆಯ ಮುಂದೆ ಒತ್ತೊತ್ತಾಗಿ ನಿಂತು ಅದನ್ನು ನೋಡಿದರಂತೆ. ಧಾರವಾಡದಲ್ಲಿ ಇಂಚರಾ ಎಲ್ಲರೆದುರಿಗೇ ಅತ್ತಳು. ಗೆದ್ದೆನೆಂದಲ್ಲ, ಒಬ್ಬರೂ ಸಾಯಲಿಲ್ಲವಲ್ಲ ಎಂದು.

ಅಳು ನಿಂತ ಮೇಲೆ ಮೊಕಾಶಿಯವರ ಪ್ರಶ್ನೆ ಎದುರಿಗೆ ಬಂದು ನಿಂತಿತು. ಉಳಿದ ಸಾವಿರದ ನೂರು ನೆಲಗಳಲ್ಲಿ ಎಷ್ಟು ಗಟ್ಟಿ, ಎಷ್ಟು ಟೊಳ್ಳು? ಹೆಚ್ಚಿನವು ಸರಿಯಾಗಿಯೇ ಇರಬಹುದು. ಆದರೆ ಯಾವುವು ಎಂದು ಹೇಳಲು ಕಣ್ಣಿನಿಂದ ನೋಡುವವರು ಬೇಕು. ಹುಡುಕಿದರೆ ಇಡೀ ದೇಶದಲ್ಲಿ ಸಿಡಿಗುಳಿ ಬಲ್ಲವರು ಬೆರಳೆಣಿಕೆಯಷ್ಟು, ಅವರಲ್ಲೂ ಹಲವರು ಕನ್ನಡಕದ ಮೇಲೆ ಕನ್ನಡಕ ಹಾಕುವ ವಯಸ್ಸಿನವರು. ಕೇಂದ್ರದ ಎಳೆಯ ಅಧಿಕಾರಿಗಳ ಮುಂದೆ ಇಂಚರಾ ಒಂದು ಚಿತ್ರ ಇಟ್ಟಳು. ಬುದ್ಧಿವಂತೆಯಾದ ಹುಡುಗಿಯೊಬ್ಬಳು ಬಹಳ ಹೊತ್ತು ನೋಡಿ, “ಇದಕ್ಕ ಆಜ್ಞೆ ಏನ್ರಿ ಮೇಡಂ?” ಎಂದು ಕೇಳಿದಳು. ಇಂಚರಾಳಿಗೆ ಸಿಟ್ಟು ಬಂತು. ಯಾರ ಮೇಲೆ ಮಾಡುವುದು? ನೋಡುವ ಕಷ್ಟವೇ ಬೇಡವೆಂದು ಆ ಒಂದು ಸಾಲನ್ನು ಅವರ ಕೈಗೆ ಕೊಟ್ಟವಳು ಅವಳೇ.

ಹಳೆಯ ನೆಲೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಮಲಗುವ ಜನಕ್ಕೆ ಹೊಸ ಜಾಗ ಬೇಕಿತ್ತು. ಎಣಿಸುವವರಿಲ್ಲದೆ ಇನ್ನೂ ವರ್ಷಗಳೇ ಹಿಡಿಯಬಹುದು ಎಂದಾಗ, ಹಾಗಾದರೆ ನಮಗೇ ಕಲಿಸಿ ಎಂದ ನದಾಫ್. ಹೇಗೂ ಕೈ ಖಾಲಿ, ನೆಲ ಕಾಲ ಕೆಳಗೇ ಇದೆ. ಇಂಚರಾ ಪ್ರತಿದಿನ ಪಾಠ ಹೇಳತೊಡಗಿದಳು. ಅವರು ಮೊದಮೊದಲು ಕಂಡ ತಗ್ಗನ್ನೆಲ್ಲ ಎಣಿಸಿದರು, ಆಮೇಲೆ ಎಲ್ಲವನ್ನೂ ಸಿಡಿಗುಳಿ ಎಂದು ಬಿಟ್ಟರು. ನದಾಫನ ಹೆಂಡತಿ ಶಮ್ಶಾದಳಂತೂ ಇನ್ನೊಂದು ತಿಂಗಳು ಹೀಗೇ ಹೋದರೆ ಕನಸಿನಲ್ಲೂ ತಗ್ಗುಗಳೇ ಬರುತ್ತವೆ ಎಂದು ಗೊಣಗಿದಳು. ಪಾಠ ನಡೆಯುತ್ತಲೇ ಇತ್ತು. ಹೊಸ ವಸತಿಗೆಂದು ಆರಿಸಿದ ಪಡುವಣ ದಿಬ್ಬವನ್ನು ತುಣುಕು ತುಣುಕಾಗಿ ಅವರು ಅಲ್ಲಿ, ಇಂಚರಾ ಇಲ್ಲಿ ಬೇರೆಬೇರೆಯಾಗಿ ಎಣಿಸತೊಡಗಿದರು.

ಒಂದು ದಿನ ನದಾಫನ ಕರೆ ಬಂತು.

“ಮೇಡಂ, ಪಡುವಣ ದಿಬ್ಬದ ತುಣುಕಿನೊಳಗ ನಿಮ್ಮ ಲೆಕ್ಕಾ ನಮ್ಮ ಲೆಕ್ಕಾ ಕೂಡವಲ್ವು. ಯಾರರ ತಪ್ಪಿರಬೇಕು. ನಾವೋ, ನೀವೋ?”

ಇಂಚರಾಳಿಗೆ ಮೊದಲು ಕಸಿವಿಸಿಯಾಯಿತು. ನಿನ್ನೆ ಮೊನ್ನೆ ಕಲಿತವರು ಕೇಳುವ ಪ್ರಶ್ನೆಯೇ ಇದು ಎನಿಸಿತು. ಆಮೇಲೆ ಹೊಳೆಯಿತು: ಹದಿನೆಂಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ‘ವಯ’ಕ್ಕೆ ಯಾರೊಬ್ಬರೂ ಕೇಳಿರಲಿಲ್ಲ. ಅದು ಕ್ಷಣದಲ್ಲಿ ಉತ್ತರಿಸುತ್ತಿತ್ತು, ಎಲ್ಲರೂ ಬರೆದುಕೊಂಡು ಹೋಗುತ್ತಿದ್ದರು.

“ಗೊತ್ತಿಲ್ರಿ,” ಎಂದಳು. “ನೋಡೂಣು.” ಪಡುವಣ ದಿಬ್ಬದ ಚಿತ್ರ ತೆರೆದು, ಎಡಗಡೆಯ ಮೂಲೆಯಿಂದ ಮತ್ತೆ ಎಣಿಸಲು ಕೂತಳು.