ಕುದುರೆ ಎಣ್ಣೆಯ ಕ್ರೀಮು

“ಕುದುರಿ ಎಣ್ಣಿ! ಶಿವನ, ಕುದುರಿ ಎಣ್ಣಿ!”

ಆಯಿಯ ಕೂಗಿಗೆ ಮುಂದಿನ ಕೋಣೆಯಲ್ಲಿ ಅಪ್ಪ ಮಗ್ಗ ನಿಲ್ಲಿಸಿದ. ನೇತ್ರಾ ಓಡಿ ಬರುವಷ್ಟರಲ್ಲಿ ಬಿಳಿ ಡಬ್ಬಿ ಅಡುಗೆಮನೆಯ ಬಾಗಿಲಿನಿಂದ ಹಾರಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಿತು. ಮುಚ್ಚಳ ಒಂದು ಕಡೆ, ಡಬ್ಬಿ ಒಂದು ಕಡೆ. ಒಳಗಿದ್ದ ಕ್ರೀಮು ಬೆಣ್ಣೆಯ ಹಾಗೆ ಕಲ್ಲಿಗೆ ಮೆತ್ತಿಕೊಂಡಿತು.

“ಆಯೀ! ಅದು ನನ್ನ ಕ್ರೀಮ್!” ನೇತ್ರಾ ಕಿರುಚಿದಳು.

“ಮುಟ್ಟಬ್ಯಾಡ ಅದನ್ನ! ಹೋಗು, ಮೊದಲ ಮುಖಾ ತೊಳ್ಕೊ!”

ಆಯಿ ಎಂದರೆ ನೇತ್ರಾಳ ಅಜ್ಜಿ, ಬಸವಣ್ಣೆವ್ವ. ವಡಗಾವಿಯ ಆ ಓಣಿಯಲ್ಲಿ ಅವಳು ದನಿ ಏರಿಸಿದ್ದನ್ನು ಕೇಳಿದವರೇ ಕಡಿಮೆ. ಈಗ ಅವಳು ಎರಡೂ ಕೈಯನ್ನು ಸೆರಗಿಗೆ ತಿಕ್ಕಿ ತಿಕ್ಕಿ ಒರೆಸುತ್ತಿದ್ದಳು.

ಅಕ್ಕ ತ್ರಿವೇಣಿ ಫೋನು ಹಿಡಿದು ಗೋಡೆಗೆ ಅಂಟಿ ನಿಂತಿದ್ದಳು. “ನಾ ಏನ್ ಮಾಡೀನಿ? ಡಬ್ಬಿ ಮ್ಯಾಲ ಫೋನ್ ಹಿಡದ್ನಿ, ಕನ್ನಡದಾಗ ತೋರಸ್ತು. ‘ಬಹಳ ಒಣ ಚರ್ಮಕ್ಕೆ, ಕುದುರೆ ಎಣ್ಣೆ ಸೇರಿದೆ’ ಅಂತ. ಓದಿದ್ನಿ, ಅಷ್ಟ!”

“ನಿನಗ್ಯಾರ್ ಓದು ಅಂದಿದ್ರು?” ನೇತ್ರಾ ಅಕ್ಕನ ಜಡೆ ಹಿಡಿದು ಜಗ್ಗಿದಳು.

“ನೀನ ಅಲ್ಲೇನ? ‘ನನ್ನ ಕ್ರೀಮ್ ಬೇಗ ತೀರಾಕತ್ತೈತಿ, ನೀನ ಕದೀತಿ’ ಅಂತ ದಿನಾ ಜಗಳಾ ತಗೀತಿದ್ದಿ. ಅಂಥಾದ್ದ ಏನೈತಿ ಅದರಾಗ ನೋಡೂಣು ಅಂತ ನೋಡಿದ್ನಿ. ಬಿಡ ಜಡಿ!”

ಅವ್ವ ಬಂದು ಇಬ್ಬರಿಗೂ ಬೆನ್ನಿಗೊಂದೊಂದು ಕೊಟ್ಟಳು.

ಆ ಕ್ರೀಮು ಬಂದದ್ದು ಖಾನಾಪುರದಿಂದ. ಅಲ್ಲಿ ಆಯಿಯ ಮಗಳು ಪದ್ಮಶ್ರೀ ಅತ್ತಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಚಳಿ ಶುರುವಾದರೆ ಸಾಕು, ನೇತ್ರಾಳ ಕೆನ್ನೆ ಒಡೆದು ಬೆಳ್ಳಗೆ ಸಿಪ್ಪೆ ಏಳುತ್ತಿತ್ತು. ನಕ್ಕರೆ ಉರಿ. ಅತ್ತರೆ ಇನ್ನೂ ಉರಿ. ಸಾಲೆಯಲ್ಲಿ ಬೀರೇಶ ಎಂಬ ಹುಡುಗ ಅವಳಿಗೆ ‘ಸುಣ್ಣದ ಗ್ವಾಡಿ’ ಎಂದು ಹೆಸರಿಟ್ಟಿದ್ದ. “ಏ, ಗ್ವಾಡಿ ಬಾಜು ಕುಂದರಬ್ಯಾಡ್ರೋ, ಅಂಗಿಗೆ ಸುಣ್ಣಾ ಹತ್ತತೈತಿ!” ಎಂದರೆ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು.

ಅವ್ವ ಇಬ್ಬರೂ ಹುಡುಗಿಯರನ್ನು ಖಾನಾಪುರಕ್ಕೆ ಕರೆದುಕೊಂಡು ಹೋಗಿದ್ದಳು. ಅತ್ತಿ ಇಬ್ಬರಿಗೂ ಮುಖ ತೊಳೆಸಿ, ಏನೂ ಹಚ್ಚದೆ ಅರ್ಧ ತಾಸು ಸುಮ್ಮನೆ ಕೂರಿಸಿದಳು. ಅಷ್ಟರಲ್ಲಿ ತ್ರಿವೇಣಿಯ ಹಣೆ, ಮೂಗು ಮಿಂಚತೊಡಗಿದವು. ನೇತ್ರಾಳ ಕೆನ್ನೆ ಗಂಜಿ ಹಾಕಿ ಒಣಗಿಸಿದ ನೂಲಿನ ಹಾಗೆ ಬಿಗಿದುಕೊಂಡಿತು.

“ನೋಡ್ರಿ, ಕ್ರೀಮ್ ಹಿಂಗ ಆರಸಬೇಕು,” ಎಂದಳು ಅತ್ತಿ. “ತ್ರಿವೇಣೀದು ಎಣ್ಣಿ ಚರ್ಮ. ಅಕೀಗೆ ಈ ನೀಲಿ ಡಬ್ಬಿ, ನೀರಿನಂಗ ಹಗರ ಜೆಲ್. ದಪ್ಪ ಕ್ರೀಮ್ ಹಚ್ಚಿದ್ರ ಮೊಡವಿ ಏಳ್ತಾವ. ನಮ್ಮ ನೇತ್ರಾಂದು ಖರೇ ಒಣ ಚರ್ಮ. ಅಕೀಗೆ ಈ ಬಿಳೀದು. ಮುಖ ಇನ್ನೂ ಹಸಿ ಇರೂಮುಂದ ಹಚ್ಚಬೇಕು, ಕಾಳಿನಷ್ಟ. ಎರಡೂ ಜಪಾನದ್ದು!”

ಡಬ್ಬಿಯ ಮೇಲೆ ಇದ್ದದ್ದೆಲ್ಲ ಜಪಾನಿ ಅಕ್ಷರ. ಅದನ್ನು ಓದುವವರು ಯಾರು? ಅತ್ತಿ ಕೊಟ್ಟಳು, ಇವರು ತಂದರು. ವಾರದೊಳಗೆ ನೇತ್ರಾಳ ಕೆನ್ನೆ ನುಣ್ಣಗಾಯಿತು. ಬೀರೇಶ ಹತ್ತಿರ ಬಂದು ನೋಡಿ, ಮುಖ ಸಣ್ಣದು ಮಾಡಿಕೊಂಡು ತನ್ನ ಬೆಂಚಿಗೆ ಹೋಗಿ ಕುಳಿತ. ಆ ದಿನ ನೇತ್ರಾ ಮನೆಯ ತನಕ ಕುಣಿಯುತ್ತಾ ಬಂದಿದ್ದಳು.

ಈಗ ಆ ಕ್ರೀಮು ಕಲ್ಲಿನ ಮೇಲಿತ್ತು. ಅಪ್ಪ ಕೊಡಗಟ್ಟಲೆ ನೀರು ಸುರಿದು ಕಲ್ಲು ತಿಕ್ಕುತ್ತಿದ್ದ.

ಆಯಿ ಖಾನಾಪುರಕ್ಕೆ ಫೋನು ಮಾಡಿಸಿದಳು. “ಪದ್ಮಿ! ಎಂಥಾ ಮನ್ಯಾಗ ಹುಟ್ಟೀದಿ ಅನ್ನೂದು ಮರತಿ ಏನ? ತತ್ತಿ ಸೈತ ಹೊಸ್ತಿಲಾ ದಾಟಿ ಬಂದಿಲ್ಲ ಈ ಮನಿಗೆ. ಕುದುರಿ ಕೊಬ್ಬು ಕಳಸೀಯಲ್ಲ!”

“ಅವ್ವಾ, ನಾ ಬೇಕಂತ ಮಾಡೀನೇನ? ಸ್ವಲ್ಪ ಕೇಳಿಲ್ಲೆ...”

“ಏನ್ ಕೇಳಲಿ!” ಆಯಿ ಫೋನನ್ನು ತ್ರಿವೇಣಿಯ ಕೈಗೆ ತುರುಕಿದಳು.

ಮರುದಿನ ಬೆಳಗ್ಗೆ ನೇತ್ರಾ ಸ್ನಾನ ಮಾಡಿ, ಎಂದಿನ ಹಾಗೆ ಪೂಜೆಯ ಕೋಣೆಗೆ ಹೋದಳು. ದೀಪಾವಳಿಗೆ ಮುಂಚೆ ಅಜ್ಜ ಲಿಂಗೈಕ್ಯನಾಗಿದ್ದ. ಬದುಕಿರುವಷ್ಟು ದಿನ ಅಜ್ಜ, ಆಯಿ ಬಾಜುಬಾಜು ಮಣೆ ಹಾಕಿಕೊಂಡು ಲಿಂಗಪೂಜೆಗೆ ಕೂರುತ್ತಿದ್ದರು; ಅದಾಗದೆ ಇಬ್ಬರೂ ರೊಟ್ಟಿ ಮುಟ್ಟುತ್ತಿರಲಿಲ್ಲ. ಅಜ್ಜ ಹೋದ ಮೇಲೆ ಆಯಿ ಆ ಖಾಲಿ ಮಣೆ ನೋಡುತ್ತಾ ನೋಡುತ್ತಾ ಒಂದು ದಿನ, “ಬಾ, ಇಲ್ಲೆ ಕುಂದರು,” ಎಂದು ನೇತ್ರಾಳನ್ನು ಕರೆದಿದ್ದಳು. ಅಂದಿನಿಂದ ಆ ಜಾಗ ಅವಳದು. ಆಯಿ ಕೊರಳಿನ ಬೆಳ್ಳಿಯ ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಾ ಕುಳಿತರೆ, ನೇತ್ರಾಳಿಗೆ ಉಸಿರಾಡುವುದಕ್ಕೂ ಸಂಕೋಚ. ಆದರೂ ಹಿತ.

ಅಂದು ಆಯಿ ತಲೆ ಎತ್ತಲಿಲ್ಲ. “ಹೊರಗ ಹೋಗು,” ಎಂದಳು.

“ಮುಖಾ ತೊಳದೀನಿ, ಆಯಿ. ನಾಕ್ ಸಲ.”

“ಹೋಗಂದ್ನಿ.”

ಕದ ಮುಚ್ಚಿತು. ನೇತ್ರಾಳಿಗೆ ಕಿವಿಯೆಲ್ಲ ಬಿಸಿಯಾಯಿತು. ತಾನೇನು ಕುದುರೆಯನ್ನು ಕೊಂದಿದ್ದಳೇ? ಜಪಾನಿ ಓದಲು ಬರುತ್ತದೆ ಎಂದು ಯಾರಿಗಾದರೂ ಹೇಳಿದ್ದಳೇ? “ಹೋಗ್ತೀನಿ! ನನಗೂ ಬ್ಯಾಡ ನಿನ್ನ ಮಣಿ!” ಎಂದು ಕದಕ್ಕೆ ಕೂಗಿ, ಪಾಟಿಚೀಲ ಎಳೆದುಕೊಂಡು ಸಾಲೆಗೆ ಹೊರಟಳು.

ಆ ವಾರವೆಲ್ಲ ಮನೆ ಕೆಂಡದ ಮೇಲಿತ್ತು. ನೇತ್ರಾ ಆಯಿಯನ್ನು ಮಾತಾಡಿಸಲಿಲ್ಲ. ಆಯಿ ಯಾರನ್ನೂ ಮಾತಾಡಿಸಲಿಲ್ಲ. ಕೆನ್ನೆ ಮತ್ತೆ ಒಡೆಯಿತು. ಬೀರೇಶ, “ಗ್ವಾಡಿ ವಾಪಸ್ ಬಂತ್ರೋ!” ಎಂದದ್ದೇ ತಡ, ನೇತ್ರಾ ಅವನ ಬೆನ್ನಿಗೆ ಕಂಪಾಸ್ ಪೆಟ್ಟಿಗೆ ಎಸೆದಳು. ಟೀಚರು ಅವಳನ್ನೇ ಬಾಗಿಲ ಹೊರಗೆ ನಿಲ್ಲಿಸಿದರು. ಅಲ್ಲಿ ನಿಂತು ಅವಳು ಮನಸ್ಸಿನಲ್ಲಿ ಬೈದದ್ದು ಬೀರೇಶನನ್ನಲ್ಲ, ಆಯಿಯನ್ನು.

ಮನೆಯಲ್ಲಿ ಆಯಿಯ ಮೇಲೆ ಅವ್ವನ ದನಿಯೂ ಏರುತ್ತಿತ್ತು. “ಅತ್ತೀ, ಬರೇ ಹಾಲ ಕುಡದ ಎಷ್ಟ ದಿನ ಇರ್ತೀರಿ? ರೊಟ್ಟಿ ಹಂಗ ಅದಾವ. ಪೂಜಿ ಮುಗೀತಲ್ಲ, ಉಣ್ರಿ!”

“ಹಸವಿಲ್ಲ,” ಎನ್ನುತ್ತಿದ್ದಳು ಆಯಿ.

ಒಂದು ಬೆಳಗ್ಗೆ ಪೂಜೆಯ ಕೋಣೆಯ ಕದ ಸ್ವಲ್ಪ ತೆರೆದಿತ್ತು. ನೇತ್ರಾ ನೋಡಬಾರದೆಂದುಕೊಂಡೇ ನೋಡಿದಳು. ಆಯಿ ಮಣೆಯ ಮೇಲೆ ಕುಳಿತಿದ್ದಳು. ಕರಡಿಗೆ ಕೊರಳಿನಲ್ಲೇ ಮುಚ್ಚಿಕೊಂಡಿತ್ತು. ಆಯಿ ಅದನ್ನು ತೆರೆಯಲಿಲ್ಲ, ಮುಟ್ಟಲೂ ಇಲ್ಲ. ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಸುಮ್ಮನೆ ಕುಳಿತಿದ್ದಳು.

‘ನನ್ನ ಮುಖದ ಸಲುವಾಗಿ ಇಷ್ಟ್ ಸಿಟ್ಟಾ?’ ಎಂದುಕೊಂಡಳು ನೇತ್ರಾ. ಅವಳ ಸಿಟ್ಟೂ ಒಂದು ಹಿಡಿ ಹೆಚ್ಚಾಯಿತು.

ಶನಿವಾರ ಸಂಜೆ ಅತ್ತಿ ಅವ್ವನಿಗೆ ಫೋನು ಮಾಡಿದಳು. “ವೈನಿ, ನಾಳಿಗೆ ನೇತ್ರಾನ್ನ ಕಳಸ್ರಿ. ಬ್ಯಾರೇದು ಆರಸಿ ಕೊಡ್ತೀನಿ.”

ಆಯಿ ಮೂಲೆಯಿಂದಲೇ ಎದ್ದಳು. “ನಾ ಕರಕೊಂಡ ಹೋಗ್ತೀನಿ. ಅಕೀನ್ನ ಎದುರಿಗೇ ಕೇಳೂದೈತಿ.”

ಖಾನಾಪುರದ ಬಸ್ಸು ತುಂಬಿತ್ತು. ಕಂಡಕ್ಟರು, “ಪುಢೆ ಸರಾ, ಪುಢೆ ಸರಾ! ಮುಂದ ಸರೀರಿ, ಅಕ್ಕಾರ!” ಎಂದು ಮರಾಠಿ, ಕನ್ನಡ ಎರಡರಲ್ಲೂ ಬೈಯುತ್ತಿದ್ದ. ಆಯಿ, ಮೊಮ್ಮಗಳು ಒಂದೇ ಸೀಟಿನಲ್ಲಿ ಕುಳಿತು, ಒಬ್ಬರು ಈ ಕಡೆ, ಒಬ್ಬರು ಆ ಕಡೆ ನೋಡುತ್ತಾ ಹೋದರು.

ಅತ್ತಿಯ ಪಾರ್ಲರಿನಲ್ಲಿ ಗೋಡೆಯ ತುಂಬ ಕನ್ನಡಿ. ಚಪ್ಪಲಿ ಬಿಡುವ ಮುಂಚೆಯೇ ಜಗಳ ಶುರುವಾಯಿತು.

“ಹುಡಿಗಿ ಮುಖಾ ನೋಡಿ ಕೊಟ್ಟೀಯಂತ. ಮನಿ ನೋಡಬಾರದೇನ, ಪದ್ಮಿ?”

“ಅದು ನಂದ ತಪ್ಪ, ಅವ್ವಾ. ಚರ್ಮಾ ನೋಡಿದ್ನಿ, ಡಬ್ಬ್ಯಾಗ ಏನೈತಿ ನೋಡಲಿಲ್ಲ. ಎಷ್ಟ ಸಲ ಹೇಳಬೇಕು?” ಅತ್ತಿ ಕಪಾಟು ತೆರೆದು ಡಬ್ಬಿಗಳನ್ನು ಮೇಜಿನ ಮೇಲೆ ಟಪ್ ಟಪ್ ಎಂದು ಇಟ್ಟಳು. ಒಂದೊಂದರ ಮೇಲೂ ಫೋನು ಹಿಡಿದು ಓದತೊಡಗಿದಳು. “ಇದು ಅಕ್ಕಿ ತೌಡಿನ ಎಣ್ಣಿ. ಇದು ಹೂವಿನ ಬೀಜದ ಎಣ್ಣಿ, ಕಮೇಲಿಯಾ ಅಂತ, ಒಣ ಚರ್ಮಕ್ಕ ಚಲೋ.”

“ಅದರಾಗ ಮೀನದ್ದೇನರ?”

“ಇಲ್ಲ.”

“ಜೇನಾ?”

“ಇಲ್ಲವ್ವಾ! ಬೀಜಾ ಅಂದ್ನಲ್ಲ, ಬೀಜಾ! ನೀನೂ ಒಂದೀಟ ಹಚ್ಕೊ. ಪ್ರತಿ ಚಳಿಗಾಲ ಬೆರಳ ಒಡದು ರಕ್ತಾ ಬರ್ತಾವ. ತೋರಸಿಲ್ಲೆ ಕೈ!”

ಆಯಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅತ್ತಿ ಸಿಟ್ಟಿನಲ್ಲಿ ಆ ಕೈ ಹಿಡಿದು ಹೊರಗೆ ಎಳೆದು, ದೀಪದ ಕೆಳಗೆ ತಿರುಗಿಸಿದಳು. ತಿರುಗಿಸಿದವಳು ಹಾಗೇ ನಿಂತಳು.

ಹೆಬ್ಬೆರಳಿನ ಆಳವಾದ ಬಿರುಕುಗಳೆಲ್ಲ ಕೂಡಿಕೊಂಡಿದ್ದವು. ತಿಳಿಗೆಂಪು ಗೆರೆ ಉಳಿದಿತ್ತು, ಮೇಲಿನ ಚರ್ಮ ಮಾತ್ರ ಮತ್ತೆ ಒಣಗತೊಡಗಿತ್ತು.

“ಅವ್ವಾ, ಇವು ಹೆಂಗ ಮಾದವು?”

ಆಯಿ ಕೈ ಬಿಡಿಸಿಕೊಂಡು ನೆಲ ನೋಡಿದಳು. ಹೋಮ್‌ವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗಿಯ ಹಾಗಿತ್ತು ಅವಳ ಮುಖ. ಆಯಿಯ ಮುಖ ಹೀಗಾದದ್ದನ್ನು ನೇತ್ರಾ ಎಂದೂ ನೋಡಿರಲಿಲ್ಲ. ಬೇಗ ಬೇಗ ಇಳಿಯುತ್ತಿದ್ದ ಕ್ರೀಮು, ಸೆರಗಿನಲ್ಲಿ ಸುತ್ತಿದ ಕೈ, ಮುಚ್ಚಿಯೇ ಇದ್ದ ಕರಡಿಗೆ ಎಲ್ಲ ಅವಳಿಗೆ ಒಟ್ಟಿಗೆ ತಿಳಿಯಿತು. ಹುಡುಕಿದರೂ ಸಿಟ್ಟು ಸಿಗಲಿಲ್ಲ.

“ನಾನ ಹಚ್ಚೀನಿ,” ಎಂದುಬಿಟ್ಟಳು. “ನನ್ನ ಕ್ರೀಮ್. ಆಯಿ ಮಲಗಿದ್ಲು. ಅಕೀಗೆ ಗೊತ್ತ ಇಲ್ಲ.”

“ಸುಳ್ಳ ಹೇಳಬ್ಯಾಡ!” ಆಯಿ ಗುಡುಗಿದಳು. “ನನ್ನ ಸಲುವಾಗಿ ಸುಳ್ಳ ಹೇಳಿದ್ರ ನಾಲಿಗಿ ಕಿತ್ತೇನು! ನಾನ ಹಚ್ಕೊಂಡೀನಿ. ಬೆರಳ ಉರೀತಿದ್ವು, ನಿದ್ದಿ ಬರ್ತಿರಲಿಲ್ಲ. ಹುಡಿಗಿ ಕೆನ್ನಿ ಮಾದದ್ದ ನೋಡಿ ಆಸಿ ಆತು. ದಿನಾ ಒಂದೀಟ ತಗೊಂಡ್ನಿ.” ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. “ಅದ ಬೆರಳಲೆ ಲಿಂಗಾ ತೊಳದೀನಿ, ಪದ್ಮಿ. ವಾರಗಟ್ಟಲೆ. ನಿಮ್ಮಪ್ಪ ಹ್ವಾದಮ್ಯಾಲ ನನಗ ಹಿಡಕೊಳ್ಳಾಕ ಉಳದದ್ದ ಅದೊಂದು. ಈಗ ಹೆಂಗ ಮುಟ್ಟಲಿ ಹೇಳು?”

ಅತ್ತಿ ಕುರ್ಚಿಯ ಮೇಲೆ ಕುಸಿದಳು. “ಅದಕ್ಕೇನ ಉಪಾಸ ಇದ್ದೀ? ವೈನಿ ಹೇಳಿದ್ರು. ನಾ ನಿನ್ನ ಹಟ ಅಂದ್ಕೊಂಡಿದ್ನಿ...” ಎಂದವಳು ಕನ್ನಡಿಯ ಕಡೆ ತಿರುಗಿದಳು.

ನೇತ್ರಾ ಮೂಲೆಯ ಬೇಸಿನ್ನಿನ ಹತ್ತಿರ ಹೋಗಿ ಚರಿಗೆ ತುಂಬಿದಳು.

“ಕೈ ಒಡ್ಡು, ಆಯಿ.”

“ತೊಳದೀನಿ ತಂಗಿ. ಹುಣಸಿ ಹಣ್ಣಲೆ, ಸೀಗೀಪುಡಿಲೆ, ಎಲ್ಲಾದರಲೆ ತೊಳದೀನಿ. ಹೋಗೇತೋ ಇಲ್ಲೋ, ಯಾರಿಗ ಗೊತ್ತು?”

“ನನಗ ಗೊತ್ತು!” ನೇತ್ರಾಳ ದನಿಯೂ ಏರಿತು. “ನಾ ನಾಕ್ ಸಲ ತೊಳದ್ನಿ, ಬರೇ ಸಾಬೂನಲೆ. ಮರುದಿನಾನ ಮತ್ತ ಒಡೀತು. ನೋಡಿಲ್ಲೆ! ಒಂದ್ ಹನಿ ಉಳದಿದ್ರ ಹಿಂಗ ಒಡೀತಿತ್ತೇನ? ನೋಡಂದ್ರ!”

ಅವಳು ಮುಖವನ್ನು ಆಯಿಯ ಮುಂದೆ ಚಾಚಿದಳು. ಆ ವಾರದಲ್ಲಿ ಮೊದಲ ಸಲ ಆಯಿ ಆ ಕೆನ್ನೆಗಳನ್ನು ನೋಡಿದಳು. ಸಿಪ್ಪೆ ಎದ್ದು, ಬಿರುಕಿನಲ್ಲಿ ಸಣ್ಣಗೆ ರಕ್ತ ಕಾಣುತ್ತಿತ್ತು. ಆಯಿಯ ಬೆರಳು ತಾನಾಗಿಯೇ ಮೇಲೆ ಬಂದು ಕೆನ್ನೆಯನ್ನು ಮುಟ್ಟಿತು. ಒರಟೊರಟು. ಎಣ್ಣೆಯ ಸುಳಿವೂ ಇಲ್ಲ.

ಬಹಳ ಹೊತ್ತು ಹಾಗೇ ಮುಟ್ಟಿಕೊಂಡೇ ಇದ್ದಳು.

“ಉರೀತೈತೇನ?”

“ಹೂಂ.”

“ಹುಚ್ಚಿ. ಹೇಳಬಾರದೇನ?”

“ನೀ ಮಾತಾಡಿದ್ರ ಹೇಳ್ತಿದ್ನಿ.”

ಆಯಿ ಎರಡೂ ಕೈ ಒಡ್ಡಿದಳು. ನೇತ್ರಾ ನೀರು ಹಾಕಿದಳು. ಬೇಸಿನ್ನಿನಲ್ಲಿ ನೀರು ತಿಳಿಯಾಗಿ ಸುತ್ತಿ ಇಳಿದು ಹೋಯಿತು. ಆಯಿ ಅದು ಪೂರ್ತಿ ಇಳಿಯುವ ತನಕ ನೋಡಿದಳು. ಆಮೇಲೆ ಸೊಂಟದ ಚೀಲದಿಂದ ವಿಭೂತಿ ತೆಗೆದು, “ಪದ್ಮೀ, ಒಂದ್ ಚಾಪಿ ಕೊಡು,” ಎಂದಳು.

“ಇಲ್ಲೆ? ಮ್ಯಾಲ ಮನ್ಯಾಗ ದೇವರ ಕ್ವಾಣಿ ಐತಿ, ಅವ್ವಾ.”

“ಇಲ್ಲೇ. ಮ್ಯಾಲ ಹತ್ತಿ ಹೋಗೂಮಟ ತಾಳಂಗಿಲ್ಲ ನಾ.”

ಅತ್ತಿ ಕುರ್ಚಿಗಳನ್ನು ಸರಿಸಿ, ನೆಲ ಒರೆಸಿ, ಚಾಪೆ ಹಾಸಿದಳು. ಕ್ರೀಮು, ಬಾಚಣಿಕೆ, ಬಣ್ಣದ ಶೀಶೆಗಳ ನಡುವೆ ಆಯಿ ಕುಳಿತು ಕೊರಳಿನ ಕರಡಿಗೆಗೆ ಕೈ ಹಾಕಿದಳು. ಬೆರಳು ಒಂದು ಕ್ಷಣ ಅನುಮಾನಿಸಿತು. ಆಮೇಲೆ ಮುಚ್ಚಳ ತೆರೆಯಿತು.

ಅಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ರೇಷ್ಮೆ ಸೀರೆಯ ಹೆಂಗಸೊಬ್ಬಳು ತಲೆ ಹಾಕಿದಳು. “ಪದ್ಮಶ್ರೀ ಅಕ್ಕಾರ, ನಂದ ಫೇಶಿಯಲ್...”

ನೇತ್ರಾ ಓಡಿ ಹೋಗಿ ತುಟಿಯ ಮೇಲೆ ಬೆರಳಿಟ್ಟಳು.

ಹೆಂಗಸು ದನಿ ತಗ್ಗಿಸಿದಳು. “ಎಷ್ಟೊತ್ತ ಆಗ್ತೈತಿ?”

ನೇತ್ರಾ ಹಿಂದಿರುಗಿ ನೋಡಿದಳು. ಎಲ್ಲ ಕನ್ನಡಿಗಳಲ್ಲೂ ಆಯಿ. ಅಂಗೈಯ ಮೇಲೆ ಕಣ್ಣು ನೆಟ್ಟು ಕುಳಿತ ಆಯಿ. ಚಾಪೆಯ ಒಂದು ಬದಿಗೆ ಸರಿದು ಕುಳಿತಿದ್ದಳು. ಇನ್ನೊಂದು ಬದಿ ಖಾಲಿ ಇತ್ತು.

“ಬಾಳ ಹೊತ್ತ ಆಗ್ತೈತ್ರಿ,” ಎಂದು ಪಿಸುಗುಟ್ಟಿ, ನೇತ್ರಾ ಬಾಗಿಲು ಮುಚ್ಚಿ, ಸದ್ದಾಗದ ಹಾಗೆ ಹೋಗಿ ಅಲ್ಲಿ ಕುಳಿತಳು.