ಸಾವಿರ ಕಿಲೋಮೀಟರ್

ಹೊಸ ಕಾರು ಬಂದ ದಿನ, ಮೆಕ್ಯಾನಿಕ್ ಆಗಿದ್ದ ಅಪ್ಪ ನನ್ನ ಪಕ್ಕದ ಸೀಟಿನಲ್ಲಿ ಕೂತು ಹೇಳಿದ್ದರು: "ಎಂಜಿನ್ ಇನ್ನೂ ಎಳೇದು ಕಣೋ. ಸಾವಿರ ಕಿಲೋಮೀಟರ್ ಆಗೋವರೆಗೂ ಅರವತ್ತು ದಾಟಿಸ್ಬೇಡ." ಆ ವಾರವೇ ತೀರಿಕೊಂಡರು.

ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಅಮ್ಮನಿಗೆ ಎದೆನೋವು ಬಂತು. ಹಿಂದಿನ ಸೀಟಿನಲ್ಲಿ ಮಲಗಿಸಿ ಆಸ್ಪತ್ರೆಗೆ ಹೊರಟೆ. ರಸ್ತೆ ಖಾಲಿಯಿತ್ತು. ಆದರೆ ಮುಳ್ಳು ಅರವತ್ತಕ್ಕೆ ನಿಂತುಬಿಟ್ಟಿತು. ಎಷ್ಟು ತುಳಿದರೂ ಆಕ್ಸಿಲರೇಟರ್ ಇಳಿಯಲಿಲ್ಲ. ಅದರಡಿ ಯಾರೋ ಅಂಗೈ ಕೊಟ್ಟು ತಡೆದಂತಿತ್ತು. ನನ್ನ ಪಾದ ತಣ್ಣಗಾಯಿತು. ಕಾರಿನ ತುಂಬ ಗ್ರೀಸಿನ ವಾಸನೆ.

ಅಮ್ಮ ಕಣ್ಣು ತೆರೆದು, ನನ್ನ ಪಕ್ಕದ ಖಾಲಿ ಸೀಟಿನತ್ತ ನೋಡಿ ಹೇಳಿದಳು: "ರೀ, ಇವತ್ತೊಂದಿನ ಬಿಟ್ಬಿಡ್ರೀ."

ಬಿಡಲಿಲ್ಲ. ಆಸ್ಪತ್ರೆಯ ಗೇಟು ಕಾಣುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಗ್ಯಾರೇಜಿನವರು ಬಿಚ್ಚಿ ನೋಡಿ, ಏನೂ ತೊಂದರೆಯಿಲ್ಲ ಎಂದರು. ಸಾವಿರ ದಾಟಿದ ಮೇಲೆ ಪೆಡಲ್ ಸಲೀಸಾಗಿ ಇಳಿಯುತ್ತಿದೆ. ಅವಸರವಾಗಿ ಕರೆದೊಯ್ಯಲು ಮನೆಯಲ್ಲಿ ಯಾರೂ ಇಲ್ಲ.