ನಾಲ್ಕನೆಯ ಮನೆ

ಮಣ್ಣು ಮಾಡಿ ಬಂದವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕುಳಿತಿದ್ದರು. ಪಾದ್ರಿ ಪ್ರಾರ್ಥನೆ ಶುರುಮಾಡಿದಾಗ ಎಲ್ಲರ ತಲೆಯೂ ಬಾಗಿತು, ಒಬ್ಬನದನ್ನು ಬಿಟ್ಟು.

ಹಾಲ್ವರ್! ಸತ್ತ ಇಂಗಾಳ ಒಬ್ಬನೇ ಮಗ.

ನೆರೆಮನೆಯ ಲವಾನ್‌ಗೆ ಮೈ ಉರಿಯಿತು. ಕಾಫಿ ಬಗ್ಗಿಸುವಾಗ ಕೇಳಿಯೇಬಿಟ್ಟಳು. "ಅಮ್ಮನಿಗೋಸ್ಕರ ಒಂದು ನಿಮಿಷ ಕಣ್ಣು ಮುಚ್ಚಬಾರದಿತ್ತಾ?"

"ನಾನು ಮುಚ್ಚಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವಳ ಕಿವಿ ಕೆಂಪಾಯಿತು.

ಉತ್ತರ ಡಕೋಟದ ಆ ಬಯಲಿನಲ್ಲಿ ಯಾರಿಗೆ ಕಷ್ಟ ಬಂದರೂ ಪಾದ್ರಿಯ ಹೆಂಡತಿ ಮಾರ್ಲಿಸ್ ಮೊದಲ ಮನೆಗೆ ಫೋನು ಮಾಡುವಳು. ಅವರು ಮುಂದಿನ ಮನೆಗೆ. ಹೀಗೆ ಹನ್ನೊಂದು ಮನೆಯಲ್ಲೂ ಪ್ರಾರ್ಥನೆ. ಇಂಗಾಳದು ನಾಲ್ಕನೆಯ ಮನೆ, ಲವಾನ್‌ಳದು ಐದನೆಯದು. ಇಂಗಾ ಹೋದಳು, ಸರಪಳಿ ಅಲ್ಲಿಗೆ ತುಂಡಾಯಿತು ಎಂದುಕೊಂಡಿದ್ದಳು ಲವಾನ್.

ವಾರದೊಳಗೆ ಫೋನು ಬಡಿದುಕೊಂಡಿತು.

"ನಾನು ಹಾಲ್ವರ್. ವರ್ನಜ್ಜಿ ಸೊಂಟ ಮುರ್ಕೊಂಡಿದ್ದಾಳೆ. ಪ್ರಾರ್ಥನೆ ಮಾಡ್ಬೇಕಂತೆ."

ಚಳಿಗಾಲವಿಡೀ ಹಾಗೆಯೇ ನಡೆಯಿತು. ಸುದ್ದಿ ಒಂದು ನಿಮಿಷ, ಮಾತು ಅರ್ಧ ಗಂಟೆ... ಹಿಮಕ್ಕೆ ಸಿಕ್ಕ ಕರು, ಮುಷ್ಕರ ಹೂಡಿದ ಟ್ರ್ಯಾಕ್ಟರು, ಅವನು ಸೀಯಿಸಿದ ಆಲೂಗಡ್ಡೆ.

'ಅಯ್ಯೋ, ಯಾರಿಗಾದರೂ ಕಾಯಿಲೆಯಾಗಲಿ ಅಂತ ಕಾಯ್ತಿದ್ದೀನಲ್ಲ!' ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಹಿಮ ಕರಗಿದಾಗ ಧೈರ್ಯ ಮಾಡಿದಳು. "ಭಾನುವಾರ ಚರ್ಚಿಗೆ ಬಾ. ನನ್ನ ಪಕ್ಕ ಕೂತ್ಕೋ."

"ನಿನ್ನ ಪಕ್ಕ ಎಲ್ಲಿ ಬೇಕಾದ್ರೂ ಕೂರ್ತೀನಿ. ಆದ್ರೆ ನಂಬಿಕೆ... ಆಗಲೂ ಇರ್ಲಿಲ್ಲ, ಈಗಲೂ ಇಲ್ಲ, ಲವಾನ್."

"ಹಾಗಾದ್ರೆ ಇಷ್ಟು ದಿನ ಪ್ರಾರ್ಥನೆ ಮಾಡು ಅಂದಿದ್ದು ತಮಾಷೆಗಾ?"

ಉತ್ತರಕ್ಕೆ ಕಾಯದೆ ಫೋನಿಟ್ಟಳು. ಅಂದೇ ಮಾರ್ಲಿಸ್‌ಗೆ ಹೇಳಿ ಅವನ ಹೆಸರನ್ನು ಪಟ್ಟಿಯಿಂದ ತೆಗೆಸಿದಳು.

ಜುಲೈನಲ್ಲಿ ಹೊಸ ಬೆಳೆಗೆ ಜಾಗ ಮಾಡಲು ಅವಳಪ್ಪ ಆರ್ನೆ ತಗಡಿನ ಕಣಜಕ್ಕಿಳಿದ. ಹೆಪ್ಪುಗಟ್ಟಿದ್ದ ಹಳೆಯ ಗೋಧಿ ಕಾಲಡಿಯಲ್ಲಿ ಕುಸಿಯಿತು. ಕೆಳಗೆ ಕಾಳು ಎಳೆಯುತ್ತಿದ್ದ ಯಂತ್ರವನ್ನು ಲವಾನ್ ನಿಲ್ಲಿಸುವಷ್ಟರಲ್ಲಿ ಅವನು ಎದೆಮಟ್ಟ ಹೂತುಹೋಗಿದ್ದ.

"ಗಾಬರಿಯಾಗ್ಬೇಡ ಮಗಳೇ... ಯಾರನ್ನಾದ್ರೂ ಕರಿ."

ಅಗ್ನಿಶಾಮಕದವರು ಮೂವತ್ತು ಮೈಲಿ ದೂರ. ಅವರಿಗೆ ಹೇಳಿ, ಮಾರ್ಲಿಸ್‌ಗೆ ಫೋನು ಮಾಡಿದಳು. "ಅಪ್ಪ ಕಣಜದಲ್ಲಿ ಸಿಕ್ಕಿದ್ದಾರೆ! ಎಲ್ಲರಿಗೂ ಹೇಳಿ ಅಕ್ಕಾ!"

ಎಲ್ಲರಿಗೂ ಎಂದರೆ ಹಾಲ್ವರ್‌ಗೂ. ಅರ್ಧ ಮೈಲಿ ಆಚೆಯವನು, ಎಲ್ಲರಿಗಿಂತ ಹತ್ತಿರದವನು, ತಗಡು ಕೊಯ್ಯುವ ಗರಗಸವಿದ್ದವನು. ಅವಳು ರಸ್ತೆಯನ್ನೇ ನೋಡಿದಳು. ಧೂಳು ಏಳಲಿಲ್ಲ. ಅಷ್ಟೊಂದು ಕೋಪವಾ ಅವನಿಗೆ?

ಆಮೇಲೆ ನೆನಪಾಯಿತು. ಹೆಸರು ತೆಗೆಸಿದವಳು ತಾನೇ!

ಮತ್ತೆ ಫೋನಿಗೆ ಓಡಿದಳು. ನಾಲ್ಕೇ ನಿಮಿಷದಲ್ಲಿ ಅವನು ಬಂದ. ಅಷ್ಟರಲ್ಲಿ ಗೋಡೆಗಂಟಿದ್ದ ಗೋಧಿಯೂ ಅಪ್ಪನ ತಲೆಯ ಮೇಲೆ ಕುಸಿದಿತ್ತು. ಅವನು ತಗಡು ಕೊಯ್ದ. ಗೋಧಿ ಹೊಳೆಯಂತೆ ಹೊರಗೆ ಸುರಿಯಿತು, ಕೊನೆಗೆ ಅಪ್ಪ ಸಿಕ್ಕಿದ. ಬಾಯಿತುಂಬ ಕಾಳು.

ಮೂರನೆಯ ದಿನ ಅದೇ ನೆಲಮಾಳಿಗೆ, ಅದೇ ಉದ್ದನೆಯ ಮೇಜು. ಹಾಲ್ವರ್ ಬಂದು ಪಕ್ಕದಲ್ಲಿ ಕುಳಿತ. ಅವನ ಅಂಗೈಗೆ ಬಟ್ಟೆ ಸುತ್ತಿತ್ತು.

"ನಾನೇ ಕೊಂದೆ ಅಲ್ವಾ ಹಾಲ್ವರ್? ಇಲ್ಲ ಅನ್ನು..."

"ನಾನು ಮೊದಲೇ ಬಂದಿದ್ರೆ ಉಳೀತಿದ್ರೇನೋ. ಇಲ್ವೇನೋ. ನಿನಗೆ ಸುಳ್ಳು ಹೇಳಲಾರೆ." ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಆದ್ರೆ ಆ ಭಾರ ಹೊರೋಕೆ ನಿನ್ನೊಬ್ಬಳನ್ನೇ ಬಿಡಲ್ಲ."

ಅವಳು ಬಹಳ ಹೊತ್ತು ಅತ್ತಳು. ಯಾರೂ ತಡೆಯಲಿಲ್ಲ.

"ನಂಬದವನು ಯಾಕೆ ಫೋನ್ ಮಾಡ್ತಿದ್ದೆ?"

"ಮೊದಲ ಸಲ ಅಮ್ಮನಿಗೋಸ್ಕರ. ಆಮೇಲೆ... ದೇವರಿಗೆ ಮುಟ್ಟುತ್ತೋ ಇಲ್ವೋ, ನಿನಗೆ ಮುಟ್ಟುತ್ತಿತ್ತಲ್ಲ."

ಪಾದ್ರಿ ಎದ್ದು ನಿಂತರು. ತಲೆಗಳು ಬಾಗತೊಡಗಿದವು.

"ನನಗೆ ದೇವರು ಬೇಕು ಹಾಲ್ವರ್. ಇವತ್ತೂ ಬೇಕು," ಎಂದಳು ಮೆಲ್ಲಗೆ. "ನಾವಿಬ್ಬರೂ ಒಂದೇ ಮೇಜಿಗೆ ಕೂತು ಹೇಗೆ ಬಾಳೋದು?"

"ನೀನು ಕಣ್ಣು ಮುಚ್ಚು. ತೆರೆಯೋವರೆಗೂ ನಾನು ನಿನ್ನನ್ನೇ ನೋಡ್ತಿರ್ತೀನಿ."

"ಕಾಫಿ ಆರಿಹೋಗುತ್ತೆ..."

"ಆರಲಿ."